ಕೆಲ್ವೇ ಕೇಳಿದ ಒಂದೇ ಪ್ರಶ್ನೆ

ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ ನಮ್ಮ ಹಿಂದಿನ ಸಾಲಿನ ಟೌನ್‌ಹೌಸಿನಲ್ಲಿರುವ ಮೇಘನಾಗೆ ಹೋದ ತಿಂಗಳು ಹೊಸ ಕೆಲಸ ಸಿಕ್ಕಿತು. ಬೇರೆಯವರು ಬರೆದದ್ದರಲ್ಲಿ ಸಂಗತಿಗಳು ಸರಿಯಿವೆಯೇ ಎಂದು ಪರಿಶೀಲಿಸುವ ಕೆಲಸ. ಸಿಹಿ ಕೊಡಲು ಬಂದವಳು, "ಆಂಟಿ, ನೀವೂ ಇದೇ ಥರ ಜಾಬ್ ಮಾಡ್ತಿದ್ರಂತೆ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಮೂರು ಮಾತಿನಲ್ಲಿ ಮುಗಿಯುತ್ತದೆ ಎಂದು ಅವಳ ಎಣಿಕೆಯಿರಬೇಕು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನನಗೆ ಹೇಳಲು ಏನೂ ಹೊಳೆಯಲಿಲ್ಲ. ಅವಳು ಹೋದ ಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕವು. ಎರಡನೆಯದರಲ್ಲಿ ಕಿಟಕಿಯಿರುವ ಕೋಣೆ ಬಂತು, ಕಿಟಕಿಯಾಚೆ ಪಾರ್ಕಿಂಗ್ ಲಾಟ್ ಇತ್ತು.

ನಾನು ಹುಬ್ಬಳ್ಳಿಯವಳು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದಿದವಳು. ಯಜಮಾನರು ಶ್ರೀಕಾಂತ ಸಿವಿಲ್ ಎಂಜಿನಿಯರು, ವಿಮಾನ ನಿಲ್ದಾಣದ ಕೆಲಸಕ್ಕೆಂದು ಅಮೆರಿಕಕ್ಕೆ ಬಂದು ಇಲ್ಲೇ ಪಕ್ಕದ ಸ್ಟರ್ಲಿಂಗ್‌ನಲ್ಲಿ ಮನೆ ಮಾಡಿದೆವು. ಆಗ ಆಶ್‌ಬರ್ನ್ ಎಂದರೆ ಹೊಲ, ಬೇಲಿ, ದನ. ತೊಂಬತ್ತರ ದಶಕದ ಮೊದಲಲ್ಲಿ ವಾಷಿಂಗ್ಟನ್ನಿನ ಹೊರವಲಯದ ಒಂದು ಸಣ್ಣ ಪ್ರಕಾಶನ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ಜಗತ್ತಿನ ಶಾಸನಸಭೆಗಳ ಸದಸ್ಯರ ಬಗ್ಗೆ ಅವರು ಒಂದು ದೊಡ್ಡ ಜೀವನಚರಿತ್ರೆ ಕೋಶ ತರುತ್ತಿದ್ದರು. ಗ್ರಂಥಾಲಯಗಳು ಮಾತ್ರ ಕೊಳ್ಳುವಂಥದು, ಒಬ್ಬರೇ ಎತ್ತಲಾರದಷ್ಟು ಭಾರದ ಪುಸ್ತಕ. ನನ್ನ ಪಾಲಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಪಾರ್ಲಿಮೆಂಟು. ನಮ್ಮನ್ನು ಆಳಿದವರ ಪಾರ್ಲಿಮೆಂಟನ್ನು ಅಮೆರಿಕದಲ್ಲಿ ಕೂತು ನಾನು ಅಳೆಯುವುದು ವಿಚಿತ್ರ ಎಂದು ಶ್ರೀಕಾಂತ ನಗುತ್ತಿದ್ದರು.

ಆ ಕಚೇರಿಯ ಲೆಕ್ಕವೇ ಬೇರೆ. ಸದಸ್ಯ ಎಷ್ಟು ವರ್ಷ ಸದನದಲ್ಲಿದ್ದನೋ ಅದರ ಮೇಲೆ ಅವನಿಗೆ ಜಾಗ. ಮೂವತ್ತು ವರ್ಷ ಕೂತವನಿಗೆ ಎರಡು ಪುಟ, ಮೂರು ವರ್ಷಕ್ಕೂ ಕಡಿಮೆಯವನಿಗೆ ಅರವತ್ತು ಪದ. ಹುಟ್ಟು, ಕಸುಬು, ಕ್ಷೇತ್ರ, ಸಾವು ಬರೆಯುವಷ್ಟರಲ್ಲಿ ನಲವತ್ತೈದು ಪದ ಮುಗಿದಿರುತ್ತಿದ್ದವು. ಉಳಿದ ಹದಿನೈದರಲ್ಲಿ ಒಬ್ಬ ಮನುಷ್ಯ ಏನಾಗಿದ್ದ ಎಂದು ಹೇಳಬೇಕು. ಅಂಥವರನ್ನು ನಾವು 'ಅರವತ್ತು ಪದದವರು' ಎಂದೇ ಕರೆಯುತ್ತಿದ್ದೆವು. ಹೊಸದಾಗಿ ಸೇರಿದವರಿಗೆ ಅವರನ್ನೇ ಕೊಡುತ್ತಿದ್ದರು, ತಪ್ಪಾದರೂ ಯಾರೂ ಕೇಳುವುದಿಲ್ಲ ಎಂದು.

ನಮ್ಮ ಸಂಪಾದಕರ ಹೆಸರು ವಾಲ್ಟರ್. ಅರವತ್ತರ ಗಡಿಯಲ್ಲಿದ್ದ ಸಪೂರ ಆಳು. ಪ್ರತಿ ಬರಹವನ್ನೂ ನಿಂತುಕೊಂಡೇ ಓದುತ್ತಿದ್ದರು. ಕೂತು ಓದಿದರೆ ಮನಸ್ಸು ಮೆತ್ತಗಾಗುತ್ತದಂತೆ. ಅವರ ನಿಯಮ ಒಂದೇ: ಯಾವ ಸಂಗತಿಗೂ ಎರಡು ಮುದ್ರಿತ ಆಧಾರ ಬೇಕು, ಪಾರ್ಲಿಮೆಂಟಿನ ಅಧಿಕೃತ ವರದಿಯಾದರೆ ಮಾತ್ರ ಒಂದೇ ಸಾಕು. ಮನೆಯವರ ನೆನಪು, ಕಾಗದ, ಡೈರಿ ಯಾವುದೂ ಅವರ ಹತ್ತಿರ ನಡೆಯುತ್ತಿರಲಿಲ್ಲ.

ಸೇರಿದ ಎರಡನೆಯ ತಿಂಗಳಲ್ಲೇ ನಾನು ದೊಡ್ಡದೊಂದು ಎಡವಟ್ಟು ಮಾಡಿದೆ. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ನೇರವಾಗಿ ರಾಜೀನಾಮೆ ಕೊಡುವಂತಿಲ್ಲ. ಬಿಡಬೇಕೆಂದರೆ ಚಿಲ್ಟರ್ನ್ ಗುಡ್ಡಗಳ ಕಡೆಯ ರಾಜಮನೆತನದ ಜಮೀನಿಗೆ ಮೇಲ್ವಿಚಾರಕನಾಗಿ ನೇಮಿಸಿ ಎಂದು ಅರ್ಜಿ ಹಾಕುತ್ತಾನೆ. ಹುದ್ದೆ ಹೆಸರಿಗೆ ಮಾತ್ರ, ಕೆಲಸ ಏನೂ ಇಲ್ಲ. ಅದನ್ನು ಒಪ್ಪಿಕೊಂಡ ಕ್ಷಣ ಸದಸ್ಯತ್ವ ತಾನಾಗಿ ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಲಂಡನ್ನಿನ ಒಬ್ಬ ವಕೀಲರ ಬಗ್ಗೆ, ರಾಜಕೀಯ ಬೇಸರವಾಗಿ ಗುಡ್ಡಗಾಡಿಗೆ ಹೋಗಿ ಜಮೀನು ನೋಡಿಕೊಂಡಿದ್ದರು ಎಂದು ಬರೆದುಬಿಟ್ಟೆ. ವಾಲ್ಟರ್ ನಿಂತಲ್ಲೇ ಓದಿ, ಆ ವಕೀಲರು ಅಲ್ಲಿ ಏನು ಬೆಳೆದರು ಎಂದು ಕೇಳಿದರು. ನಾನು ಪೆದ್ದಿಯ ಹಾಗೆ, ಹುಡುಕಿ ಹೇಳುತ್ತೇನೆ ಅಂದೆ. ಒಂದು ವಾರ ಇಡೀ ಕಚೇರಿ ನನ್ನನ್ನು ಬೆಳೆಯ ಬಗ್ಗೆ ವಿಚಾರಿಸಿತು.

ಅದು ನಗೆಯಲ್ಲಿ ಹೋಯಿತು. ಎರಡನೆಯದು ಹಾಗೆ ಹೋಗಲಿಲ್ಲ. ಇನ್ನೊಬ್ಬ ಅರವತ್ತು ಪದದವರು ಹುಟ್ಟಿದ್ದು ಬೆಳಗಾವಿಯ ದಂಡು ಪ್ರದೇಶದಲ್ಲಿ. ಕಣ್ಣಿಗೆ ಬಿದ್ದ ಕೂಡಲೇ ಜೀವ ಅರಳಿತು. ಬೆಳಗಾವಿ ಎಲ್ಲಿದೆ, ಅಲ್ಲಿ ಅವರಪ್ಪ ಏನು ಮಾಡುತ್ತಿದ್ದರು ಎಂದು ಒಂಬತ್ತು ಪದ ಸೇರಿಸಿದೆ. ವಾಲ್ಟರ್ ಅದನ್ನು ಹೊಡೆದುಹಾಕಿ, ನಿಮ್ಮ ಊರ ಕಡೆಯ ಪ್ರೀತಿ ಪುಸ್ತಕದಲ್ಲಿ ಬೇಡ ಅಂದರು. ಎಲ್ಲರ ಎದುರಿಗೆ ಅಂದರು. ನನ್ನದು ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಕೆಲಸ. ಆ ಮಹಡಿಯಲ್ಲಿ ಸೀರೆಯುಟ್ಟು ಬರುವವಳು ನಾನೊಬ್ಬಳೇ. ಎಲ್ಲದರಲ್ಲೂ ತನ್ನ ಊರನ್ನೇ ತಂದು ತುರುಕುವವಳು ಎಂಬ ಹೆಸರು ಬಂದರೆ ಗತಿಯೇನು ಎಂದು ದಿಗಿಲಾಯಿತು. ಅಂದಿನಿಂದ ಭಾರತ ಎಂಬ ಪದ ಕಂಡರೆ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ನನ್ನ ಮೇಜಿಗೆ ಬಂದವರು ಆಂಬ್ರೋಸ್ ಕೆಲ್ವೇ. ಇಂಗ್ಲೆಂಡಿನ ಕರಾವಳಿಯ ಒಂದು ಊರಿನಲ್ಲಿ ಮನೆಗಳಿಗೆ ಹೆಂಚು ಹೊದಿಸುವ ಮೇಸ್ತ್ರಿ. ಒಂದು ಉಪಚುನಾವಣೆಯಲ್ಲಿ ಗೆದ್ದು, ಎರಡು ವರ್ಷ ಚಿಲ್ಲರೆ ಸದನದಲ್ಲಿದ್ದು, ಮುಂದಿನ ಚುನಾವಣೆಯಲ್ಲಿ ಸೋತವರು. ಆಗ ಸದಸ್ಯರಿಗೆ ಸಂಬಳವಿರಲಿಲ್ಲ, ಕಸುಬೂ ಕೈಬಿಟ್ಟಿತ್ತು. ಸೋತ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಕ್ಷಿಣ ಕೆರೊಲಿನಾಕ್ಕೆ ಬಂದು ಮತ್ತೆ ಛಾವಣಿ ಹತ್ತಿದರು. ಹಳೆಯ ಕೋಶಗಳೆಲ್ಲ ಅವರ ಬಗ್ಗೆ ಒಂದೇ ಮಾತು ಹೇಳುತ್ತಿದ್ದವು: ಸದನದಲ್ಲಿ ಒಮ್ಮೆಯೂ ಬಾಯಿ ಬಿಡಲಿಲ್ಲ. ವರದಿ ಸಂಪುಟಗಳ ಹೆಸರಿನ ಸೂಚಿಯಲ್ಲಿ ನಾನೂ ನೋಡಿದೆ, ಕೆಲ್ವೇ ಇರಲಿಲ್ಲ.

ಕೋಶ ತಯಾರಾಗುತ್ತಿದೆ ಎಂದು ಎಲ್ಲಿಂದಲೋ ತಿಳಿದು ಅವರ ಮಗಳು ಪತ್ರ ಬರೆದರು. ಮಿಸೆಸ್ ವಿನಿಫ್ರೆಡ್ ಡಾಲ್ಟನ್, ವಯಸ್ಸು ತೊಂಬತ್ತರ ಹತ್ತಿರ, ಅಟ್ಲಾಂಟಾದ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ಮೊಮ್ಮಗಳ ಮನೆಯಲ್ಲಿದ್ದರು. ಅಕ್ಷರ ನಡುಗಿದ್ದವು, ವಿಷಯ ನೇರವಾಗಿತ್ತು. ಅಪ್ಪ ಸದನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರಂತೆ. ಇಂಡಿಯಾದಲ್ಲಿ ಪ್ಲೇಗು ಬಂದ ಊರುಗಳಲ್ಲಿ ಬಿಸಿಲು ಬೀಳಲೆಂದು ಸರ್ಕಾರ ಬಡವರ ಮನೆಗಳ ಹೆಂಚು ತೆಗೆಸಿತ್ತು. ಮಳೆಗಾಲಕ್ಕೆ ಮುಂಚೆ ಆ ಹೆಂಚುಗಳನ್ನು ಮರಳಿ ಹೊದಿಸಿದರೇ ಎಂದು ಕೇಳಿದ್ದರಂತೆ. ಇದನ್ನು ಅಪ್ಪ ರಾತ್ರಿ ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದರು. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿದ್ದ ತಮ್ಮ ಆರ್ಥರ್ ಮಾತ್ರ ಇದನ್ನು ನಂಬುತ್ತಿರಲಿಲ್ಲ. ಅಪ್ಪ ಅಲ್ಲಿ ಕುರ್ಚಿಯ ಹಾಗೆ ಕೂತು ಬಂದವರು, ನಮ್ಮ ಮುಂದೆ ದೊಡ್ಡವರಾಗಲು ಕತೆ ಕಟ್ಟಿದರು ಎಂಬುದು ಅವನ ವಾದ. ಚಿಕ್ಕಂದಿನಿಂದ ಇಬ್ಬರಿಗೂ ಇದೇ ಜಗಳ. 'ನಮ್ಮಿಬ್ಬರಿಗೂ ಹೆಚ್ಚು ಸಮಯವಿಲ್ಲ. ಅಚ್ಚಿನಲ್ಲಿ ಒಂದು ಸಾಲು ಬಂದರೆ ಅವನಿಗೆ ಓದಿ ಹೇಳುತ್ತೇನೆ' ಎಂದು ಪತ್ರ ಮುಗಿದಿತ್ತು.

ನಾನು ವಾಷಿಂಗ್ಟನ್ನಿನ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಕೂತೆ. ಮೂರು ಶನಿವಾರ ಪುಟ ತಿರುವಿದೆ. ಮೂರನೆಯ ಶನಿವಾರ ಹೆಸರಿನ ಸೂಚಿ ಬಿಟ್ಟು ವಿಷಯದ ಸೂಚಿಯಲ್ಲಿ ಪ್ಲೇಗು ಎಂದು ನೋಡಿದೆ. ಸಿಕ್ಕಿಬಿಟ್ಟಿತು. ಸೂಚಿ ಮಾಡಿದವರು ಅದನ್ನು ವಿಷಯದಡಿ ಸೇರಿಸಿ, ಕೇಳಿದವರ ಹೆಸರಿನಡಿ ಸೇರಿಸಲು ಮರೆತಿದ್ದರು. ಹೊಸಬರಿಗೆ ನನ್ನ ಬಳಿ ಇರುವ ಒಂದೇ ಉಪಯುಕ್ತ ಸಲಹೆ ಇದು: ಹೆಸರಿನಲ್ಲಿ ಸಿಗದವರನ್ನು ಅವರು ಮರುಗಿದ ವಿಷಯದಲ್ಲಿ ಹುಡುಕಿ.

ಪ್ರಶ್ನೆ ನಾಲ್ಕು ಸಾಲಿನದು. ಕೆಲ್ವೇ ಕೇಳಿದ್ದು ಧಾರವಾಡ ಜಿಲ್ಲೆಯ ಬಗ್ಗೆ. ತೆಗೆಸಿದ ಹೆಂಚುಗಳನ್ನು ಮಳೆ ಹಿಡಿಯುವ ಮುಂಚೆ ಹೊದಿಸಲಾಯಿತೇ, ಹೊದಿಸಿದ್ದರೆ ಯಾರು ಹೊದಿಸಿದರು? ಉತ್ತರ ಒಂದೂವರೆ ಸಾಲು: ಮಾಹಿತಿ ತರಿಸಿಕೊಳ್ಳಲಾಗುವುದು.

ನಮ್ಮ ಅಜ್ಜಿ ಆಗ ಆರೇಳು ವರ್ಷದ ಹುಡುಗಿ. ಹುಬ್ಬಳ್ಳಿಯ ಅವರ ಓಣಿಯವರೆಲ್ಲ ಊರ ಹೊರಗೆ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು ಮರಳಿ ಬಂದಾಗ ಮನೆಗೆ ಛಾವಣಿಯೇ ಇರಲಿಲ್ಲ. ಹೆಂಚುಗಳನ್ನು ಓಣಿಯ ತುದಿಯಲ್ಲಿ ಗುಡ್ಡೆ ಹಾಕಿದ್ದರು, ಅರ್ಧಕ್ಕರ್ಧ ಒಡೆದಿದ್ದವು. ಮಳೆ ಆಗಲೇ ಹಿಡಿದಿತ್ತು. ನೀರು ಇಳಿದು ನೆಲದಡಿಯ ಹಗೇವಿನೊಳಗಿದ್ದ ಇಡೀ ವರ್ಷದ ಜೋಳ ಕೊಳೆತಿತ್ತು. ಆ ಮಳೆಗಾಲವೆಲ್ಲ ಅಜ್ಜಿ ದನದ ಕೊಟ್ಟಿಗೆಯ ಒಣಗಿದ ಮೂಲೆಯಲ್ಲಿ ಮಲಗಿದ್ದರು. ಈ ಕತೆ ನಮ್ಮ ಮನೆಯ ಹೊರಗೆ ಯಾರಿಗಾದರೂ ಗೊತ್ತಿರಬಹುದು ಎಂದು ನಾನು ಎಂದೂ ಎಣಿಸಿರಲಿಲ್ಲ. ಏಳು ಸಮುದ್ರದಾಚೆಯ ಒಬ್ಬ ಹೆಂಚಿನ ಮೇಸ್ತ್ರಿ, ತನಗೆ ಮಾತಾಡಲು ಸಿಕ್ಕ ಒಂದೇ ಸರದಿಯನ್ನು ನಮ್ಮ ಓಣಿಯ ಛಾವಣಿಗಳಿಗೆ ಖರ್ಚು ಮಾಡಿದ್ದ. ಗ್ರಂಥಾಲಯದಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಝೆರಾಕ್ಸ್ ಪ್ರತಿ ಮಾಡಿಸಿಕೊಂಡು ಸೋಮವಾರ ಕಚೇರಿಗೆ ಹೋದೆ. ವಾಲ್ಟರ್ ನಿಂತು ಓದುತ್ತಿದ್ದದ್ದು ಕಾಣುತ್ತಿತ್ತು. ಧಾರವಾಡ ಎಂದರೆ ನಿಮ್ಮ ಜಿಲ್ಲೆಯಲ್ಲವೇ ಎಂದು ಅವರು ಕೇಳುವುದು ಕಿವಿಯಲ್ಲಿ ಆಗಲೇ ಕೇಳಿಸಿತು. ಮತ್ತೆ ಊರ ಪ್ರೀತಿ, ಮತ್ತೆ ಎಲ್ಲರ ಎದುರಿಗೆ. ಪ್ರತಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಹಳೆಯ ಕೋಶಗಳ 'ಬಾಯಿ ಬಿಡಲಿಲ್ಲ' ಎಂಬುದನ್ನು ಬರೆದರೆ ಗೊತ್ತಿದ್ದೂ ಸುಳ್ಳು ಹೇಳಿದಂತೆ. ಅದಕ್ಕೆ 'ಸದನದ ಚರ್ಚೆಗಳಲ್ಲಿ ಭಾಗವಹಿಸಲಿಲ್ಲ' ಎಂದು ಬರೆದೆ. ಪ್ರಶ್ನೆ ಕೇಳುವುದು ಚರ್ಚೆಯಲ್ಲ, ಪಾರ್ಲಿಮೆಂಟಿನ ಲೆಕ್ಕದಲ್ಲಿ ಅವೆರಡೂ ಬೇರೆ. ಯಾರೂ ಬೆರಳಿಟ್ಟು ತೋರಿಸಲಾರದ ಸಾಲು. ಅದನ್ನು ಬರೆದಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡದ್ದು ನೆನಪಿದೆ.

ಮಿಸೆಸ್ ಡಾಲ್ಟನ್‌ಗೆ ನಮ್ಮ ಕಚೇರಿಯ ಅಚ್ಚಾದ ಕಾರ್ಡು ಕಳಿಸಿದೆ. ನಿಮ್ಮ ಪತ್ರವನ್ನು ಸಂಬಂಧಪಟ್ಟ ಕಡತಕ್ಕೆ ಸೇರಿಸಲಾಗಿದೆ ಎಂಬ ಕಾರ್ಡು. ಪ್ರಶ್ನೆ ಸಿಕ್ಕಿದೆ ಎಂದು ತಿಳಿಸಿದರೆ ಪುಸ್ತಕದಲ್ಲಿ ಯಾಕಿಲ್ಲ ಎಂದು ಅವರು ಕೇಳುತ್ತಿದ್ದರು. ಪ್ರತಿಯನ್ನು ಮನೆಯಲ್ಲಿ ಟೆಲಿಫೋನ್ ಡೈರೆಕ್ಟರಿಯೊಳಗೆ ಇಟ್ಟೆ. ಮುಂದಿನ ಶರತ್ಕಾಲದಲ್ಲಿ ಪುಸ್ತಕ ಬಂತು. ಪತ್ರ ಬರೆದಿದ್ದ ಕುಟುಂಬದವರಿಗೆಲ್ಲ ಒಂದೊಂದು ಉಚಿತ ಪ್ರತಿ ಹೋಯಿತು, ಲಾರೆನ್ಸ್‌ವಿಲ್‌ಗೂ ಹೋಯಿತು.

ಆ ಚಳಿಗಾಲದ ಕೊನೆಯಲ್ಲಿ ನಮ್ಮ ಅಡಿಗೆಮನೆಯ ನಲ್ಲಿ ಕೆಟ್ಟಿತು. ಪ್ಲಂಬರ್ ನಂಬರಿಗಾಗಿ ಶ್ರೀಕಾಂತ ಡೈರೆಕ್ಟರಿ ತೆಗೆದರು. ನಲ್ಲಿ ಸೋರುತ್ತಿರುವಂತೆಯೇ ಝೆರಾಕ್ಸ್ ಪ್ರತಿಯನ್ನು ನಿಧಾನವಾಗಿ ಓದಿ, ಇದೇನು ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಬರೆದದ್ದರಲ್ಲಿ ಸುಳ್ಳಿಲ್ಲ ಎಂದೂ ಸೇರಿಸಿದೆ.

"ಸುಳ್ಳಿಲ್ಲ ಖರೆ," ಅಂದರು. "ಆದ್ರ ಅದನ್ನ ಓದಿದ ಆ ಮುದುಕಿ ಏನ ತಿಳಕೊಂಡಿರತಾಳ? ಅದನ್ನ ಹೇಳ ನೀ."

ಮರುದಿನ ಪ್ರತಿಯನ್ನು ವಾಲ್ಟರ್ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಅವರು ನಿಂತುಕೊಂಡು ಎರಡು ಸಲ ಓದಿದರು. ಆಮೇಲೆ ಮೊದಲ ಬಾರಿಗೆ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. ಅಧಿಕೃತ ವರದಿಯೊಂದೇ ಸಾಕು ಎಂಬ ನಿಯಮ ಗೊತ್ತಿರಲಿಲ್ಲವೇ ಎಂದು ಕೇಳಿದರು. ಗೊತ್ತಿತ್ತು ಅಂದೆ. ಮತ್ತೆ ಯಾಕೆ ಎಂದರು. ಬೆಳಗಾವಿಯ ಮಾತು ನೆನಪಿಸಿದೆ. ಪಾಪ, ಅವರಿಗೆ ಅದು ನೆನಪೇ ಇರಲಿಲ್ಲ. "ಅವತ್ತು ಒಂಬತ್ತು ಪದ ಜಾಸ್ತಿಯಾಗಿರಬೇಕು, ಅದಕ್ಕೆ ಹೊಡೆದಿರುತ್ತೇನೆ. ಮಾತು ಕೆಟ್ಟದಾಗಿ ಆಡಿದ್ದರೆ ತಪ್ಪು ನನ್ನದೇ. ಆದರೆ ಇದನ್ನು ನೀವು ತಂದುಕೊಟ್ಟಿದ್ದರೆ ಆ ಮನುಷ್ಯನ ಹುಟ್ಟಿದ ಊರನ್ನು ತೆಗೆದಾದರೂ ಹಾಕುತ್ತಿದ್ದೆ" ಅಂದರು.

ನಾನು ಹೆದರಿದ್ದ ವಾಲ್ಟರನ್ನು ಮನಸ್ಸಿನಲ್ಲಿ ಕಟ್ಟಿ ನಿಲ್ಲಿಸಿದ್ದವಳು ನಾನೇ. ನಿಜವಾದ ವಾಲ್ಟರನ್ನು ಒಂದು ಮಾತು ಕೇಳಿ ನೋಡಲಿಲ್ಲ.

ಅವರು ತಡ ಮಾಡಲಿಲ್ಲ. ಪುಸ್ತಕ ಕೊಂಡ ಗ್ರಂಥಾಲಯಗಳಿಗೆಲ್ಲ ಕಳಿಸಲು ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದರು. ಅದರಲ್ಲಿ ಕೆಲ್ವೇಯ ಪ್ರಶ್ನೆ ಪೂರ್ತಿಯಾಗಿತ್ತು, ಅರವತ್ತು ಪದದ ಹಂಗಿಲ್ಲದೆ. ಎಷ್ಟು ಗ್ರಂಥಾಲಯಗಳು ಅದನ್ನು ಪುಸ್ತಕಕ್ಕೆ ಅಂಟಿಸಿದವೋ ಕಾಣೆ. ಎರಡು ಮೂರು ವರ್ಷದಲ್ಲಿ ಎಲ್ಲವನ್ನೂ ಸಿ.ಡಿ.ಗೆ ಏರಿಸುವ ಕಾಲ ಬಂತು. ಟೈಪ್ ಮಾಡಿದವರು ಪುಸ್ತಕ ನೋಡಿ ಮಾಡಿದರು, ಚೀಟಿ ನೋಡಲಿಲ್ಲ. ಅಲ್ಲಿಂದ ನನ್ನ ಸಾಲು ಇಂಟರ್‌ನೆಟ್ಟಿಗೂ ಹೋಗಿದೆ. ನಿವೃತ್ತಳಾದ ಮೇಲೆ ಕಂಡಕಂಡಲ್ಲಿ ತಿದ್ದಿಸಲು ಇಮೇಲ್ ಬರೆಯುತ್ತಿದ್ದೇನೆ. ಎರಡು ಆಧಾರ ಕಳಿಸಿ ಎಂದು ಒಬ್ಬರು ಉತ್ತರಿಸಿದ್ದರು.

ಚೀಟಿ ಅಚ್ಚಾದದ್ದು ಯುಗಾದಿಯ ಹಿಂದಿನ ವಾರ. ಅಟ್ಲಾಂಟಾದ ಕನ್ನಡದವರು ಯುಗಾದಿ ಊಟಕ್ಕೆ ಕರೆದಿದ್ದರು. ಅಂಚೆಯಲ್ಲಿ ಕಳಿಸುವುದು ಬೇಡ, ದಾರಿಯಲ್ಲಿ ಲಾರೆನ್ಸ್‌ವಿಲ್‌ಗೆ ಹೋಗಿ ಕೈಯಾರೆ ಕೊಟ್ಟುಬಿಡೋಣ ಎಂದೆ. ಬೆಳಗಿನ ಜಾವ ಹೊರಟು ವರ್ಜೀನಿಯಾ, ಎರಡು ಕೆರೊಲಿನಾ ದಾಟಿ ಇಡೀ ದಿನ ಡ್ರೈವ್ ಮಾಡಿದೆವು. ಗ್ರೀನ್‌ವಿಲ್ ಬೋರ್ಡು ಕಂಡಾಗ, ಇಲ್ಲೇ ಅವರ ತಮ್ಮ ಇರೋದು, ಬರುವಾಗ ಅವರಿಗೂ ಒಂದು ಚೀಟಿ ಕೊಡೋಣ ಅಂದೆ. ಶ್ರೀಕಾಂತ ಹೂಂ ಅಂದರು. ಅಷ್ಟು ಹಗುರ ಮನಸ್ಸಿನಿಂದ ನಾನು ಅದೆಷ್ಟೋ ತಿಂಗಳಿಂದ ಎಲ್ಲಿಗೂ ಹೋಗಿರಲಿಲ್ಲ.

ಮೊಮ್ಮಗಳು ಬಾಗಿಲು ತೆಗೆದು ಒಳಗೆ ಕರೆದೊಯ್ದಳು. ಮಿಸೆಸ್ ಡಾಲ್ಟನ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ತೀರ ಸಣ್ಣಗಾಗಿದ್ದರೂ ಕಿವಿ ಚುರುಕಾಗಿತ್ತು. ನಾನು ಯಾರೆಂದು ಹೇಳಿ ಚೀಟಿ ಕೊಟ್ಟೆ. ಭೂತಗನ್ನಡಿ ಹಿಡಿದು ಒಂದೊಂದೇ ಪದ ಓದಿದರು. ತುಟಿ ಅಲುಗುತ್ತಿತ್ತು. ಮುಗಿದ ಮೇಲೆ, "ಹೊದಿಸಿದರೇ?" ಎಂದು ಕೇಳಿದರು.

ಇಲ್ಲ ಎಂದೆ. ಅಜ್ಜಿಯ ಕತೆ ಹೇಳಿದೆ, ಜೋಳ ಕೊಳೆತದ್ದು, ಕೊಟ್ಟಿಗೆಯಲ್ಲಿ ಮಲಗಿದ್ದು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಯಾವ ಮನೆಯ ಬಗ್ಗೆ ಕೇಳಿದರೋ ಆ ಮನೆಯ ಮಗುವಿನ ಮೊಮ್ಮಗಳು ನೀವು ಅಂದರು, ನನ್ನ ಕೈ ಹಿಡಿದುಕೊಂಡರು. ನನಗೆ ಕಣ್ಣು ತುಂಬಿತು. ಆಗ ಅವರು ತುಂಬ ಸಹಜವಾಗಿ, ಇದು ನಿಮಗೆ ಸಿಕ್ಕಿದ್ದು ಯಾವಾಗ ಎಂದು ಕೇಳಿದರು.

ಮೊನ್ನೆ ಎಂದುಬಿಡಬಹುದಿತ್ತು. ಶ್ರೀಕಾಂತ ಪಕ್ಕದಲ್ಲಿ ಕೂತಿದ್ದರು. ನಿಮ್ಮ ಪತ್ರ ಬಂದ ಎರಡೇ ತಿಂಗಳಿಗೆ, ಪುಸ್ತಕ ಅಚ್ಚಾಗುವ ಮುಂಚೆಯೇ ಎಂದು ಹೇಳಿದೆ.

ಅವರು ಕೈ ಬಿಡಲಿಲ್ಲ. "ಥ್ಯಾಂಕ್ಸ್‌ಗಿವಿಂಗ್ ದಿನ ಆರ್ಥರ್‌ಗೆ ಫೋನ್ ಮಾಡಿದ್ದೆ," ಅಂದರು. "ನಿಮ್ಮ ಪುಸ್ತಕದ ಸಾಲು ಓದಿ ಹೇಳಿದೆ. ಇಷ್ಟು ವರ್ಷ ವಾದ ಮಾಡಿದೆವು, ನೀನೇ ಗೆದ್ದೆ, ಅಪ್ಪ ಕತೆ ಕಟ್ಟಿದ್ದರು ಅಂದೆ. ಅವನು ನಗಲಿಲ್ಲ. ಗೆಲ್ಲುವುದು ಅವನಿಗೂ ಬೇಕಿರಲಿಲ್ಲವೇನೋ. ಹೊಸ ವರ್ಷದ ವಾರದಲ್ಲಿ ಹೋಗಿಬಿಟ್ಟ."

ನಾನು ಏನೋ ಹೇಳಲು ಹೋದೆ, ಕ್ಷಮಿಸಿ ಎಂದೋ ಏನೋ. ಅಷ್ಟರಲ್ಲಿ ಅವರು ಮೊಮ್ಮಗಳಿಂದ ಆ ಭಾರದ ಪುಸ್ತಕ ತರಿಸಿ, ಮಡಿಲಲ್ಲಿ ಇರಿಸಿಕೊಂಡು, ಅಪ್ಪನ ಪುಟ ತೆಗೆಸಿದರು. ಭೂತಗನ್ನಡಿಯನ್ನು ನನ್ನ ಸಾಲಿನ ಮೇಲೆ ಇಟ್ಟು ಬೆರಳಿನಿಂದ ಒಂದು ಪದ ತೋರಿಸಿದರು.

"ಚರ್ಚೆಗಳಲ್ಲಿ ಅಂತ ಇದೆ ನೋಡಿ," ಅಂದರು, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. "ನೀವು ಸರಿಯಾಗಿಯೇ ಬರೆದಿದ್ದೀರಿ. ನಾನೇ ಸರಿಯಾಗಿ ಓದಲಿಲ್ಲ."

ಯಾರೂ ಸರಿಯಾಗಿ ಓದಬಾರದೆಂದೇ ನಾನು ಆ ಸಾಲನ್ನು ಹಾಗೆ ಬರೆದಿದ್ದೆ. ಅದನ್ನು ಅವರಿಗೆ ಹೇಳಬೇಕಾಗಿತ್ತು. ನಾನು ತಲೆ ತಗ್ಗಿಸಿಕೊಂಡು ಅವರ ಸಮಾಧಾನವನ್ನು ತೆಗೆದುಕೊಂಡೆ.